ಹಿನ್ನೀರಿನ ಕಪ್ಪೆಚಿಪ್ಪು: ಒಂದು ಲಕ್ಷ ಕೊಡಬಹುದಾ?

ಮೇ ತಿಂಗಳ ಒಂದು ಮಧ್ಯಾಹ್ನ ಫೋನ್ ಬಂತು. ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರಾ ಹಿನ್ನೀರಿನ ಅಂಚಿಗಿರುವ ಒಂದು ಊರಿನ ಮೀನುಗಾರರ ಸಂಘದವರು.

"ಮೇಡಂ, ಮುತ್ತು ಬೆಳಿಯಾವ್ರು ಬಂದಾರ್ರಿ. ಜೀವಂತ ಕಪ್ಪೆಚಿಪ್ಪು ಬೇಕಂತ. ಒಂದು ಲಕ್ಷ. ಕೊಡಬಹುದಾ ಹೇಳ್ರಿ."

ಒಂದು ಲಕ್ಷಕ್ಕೆ ಎಷ್ಟು ಚೀಲ, ಎಷ್ಟು ಆಳು, ಎಷ್ಟು ರೊಕ್ಕ ಅನ್ನುವ ಲೆಕ್ಕ ಅವರಲ್ಲಿ ಆಗಲೇ ಮುಗಿದಿತ್ತು. ನೀರಿನಲ್ಲಿ ಎಷ್ಟಿವೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನನಗಂತೂ ಮೊದಲೇ ಗೊತ್ತಿಲ್ಲ. ನಾನು ಗಂಗಾವತಿಯವಳು, ಓದಿದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ. ಅಲ್ಲಿ ಕಲಿತದ್ದೆಲ್ಲ ಉಪ್ಪುನೀರಿನ ಚಿಪ್ಪು. ಊರಿಗೆ ಬಂದರೆ ಕೇಳುವುದೆಲ್ಲ ಸಿಹಿನೀರಿನ ಪ್ರಶ್ನೆ.

ಮುಂದೆ ಏನಾಯಿತು ಅಂತ ಬರೆಯುವ ಮೊದಲು ಒಂದು ಮಾತು. ಊರಿನ ಹೆಸರು ಹೇಳುವುದಿಲ್ಲ. ಆ ಊರಿನ ಅಂಕಿಗಳನ್ನೂ ಲೆಕ್ಕದ ದಾರಿ ಕಾಣುವ ಹಾಗೆ ಬದಲಿಸಿ ಸರಳ ಮಾಡಿದ್ದೇನೆ. ಜಲಾಶಯದಲ್ಲಿ ಇಷ್ಟು ಕಪ್ಪೆಚಿಪ್ಪು ಇವೆ ಅಂತ ಅವನ್ನು ಯಾರೂ ಎಲ್ಲೂ ಎತ್ತಿ ಹೇಳಬೇಡಿ.

ಕೇಳಿದ್ದು ಯಾವ ಚಿಪ್ಪು

ನಮ್ಮ ಕಡೆ ಕಪ್ಪೆಚಿಪ್ಪು ಅಂದರೆ ಯಾರಿಗೂ ಹೊಸದಲ್ಲ. ಮಕ್ಕಳು ಖಾಲಿ ಚಿಪ್ಪನ್ನು ಕಲ್ಲಿಗೆ ಉಜ್ಜಿ ನಡುವೆ ತೂತು ಮಾಡಿ ಮಾವಿನಕಾಯಿ ಹೆರೆಯುತ್ತಾರೆ. ನಾನೂ ಹೆರೆದಿದ್ದೇನೆ, ಬೆರಳನ್ನೂ ಸೇರಿಸಿ. ನೀರು ಇಳಿದಾಗ ಕೆಸರಿನಲ್ಲಿ ಅರ್ಧ ಹುಗಿದುಕೊಂಡು ಬಾಯಿ ಮೇಲೆ ಮಾಡಿ ಕೂತಿರುತ್ತವೆ. ನೀರನ್ನು ಒಳಗೆ ಎಳೆದುಕೊಂಡು, ಅದರಲ್ಲಿರುವ ಪಾಚಿ, ಕಸ ಸೋಸಿ ತಿಂದು, ತಿಳಿ ನೀರು ಹೊರಗೆ ಬಿಡುತ್ತವೆ. ಅವನ್ನು ತಿನ್ನಲು ಬಾಯ್ಕಳಕ ಕೊಕ್ಕರೆ ಬರುತ್ತದೆ.

ಮುತ್ತು ಬೆಳೆಯುವವರಿಗೆ ಸಿಕ್ಕಿದ್ದೆಲ್ಲ ಬೇಡ. 8 ಸೆಂಟಿಮೀಟರಿಗಿಂತ ಉದ್ದದ, 50 ಗ್ರಾಂ ಮೇಲೆ ತೂಗುವ, ಗಾಯವಿಲ್ಲದ ಜೀವಂತ ಚಿಪ್ಪೇ ಬೇಕು. ಬಾಯಿ ಸ್ವಲ್ಪ ತೆರೆದು ಒಳಗೆ ಮಣಿಯಿಟ್ಟು, ವರ್ಷ ಒಂದೂವರೆ ವರ್ಷ ಹೊಂಡದಲ್ಲಿ ಸಾಕಬೇಕಲ್ಲ, ಸಣ್ಣದು ತಡೆಯುವುದಿಲ್ಲ. ಅಂದರೆ ಬಂದವರು ಕೇಳಿದ್ದು ಒಂದು ಲಕ್ಷ ಚಿಪ್ಪನ್ನಲ್ಲ, ಒಂದು ಲಕ್ಷ ದೊಡ್ಡ ಚಿಪ್ಪನ್ನು. ಈ ವ್ಯತ್ಯಾಸ ಮೊದಲ ದಿನ ಸಂಘದವರ ತಲೆಗೂ ಬರಲಿಲ್ಲ, ನನ್ನ ತಲೆಗೂ ಬರಲಿಲ್ಲ.

ಅಷ್ಟಮುಡಿಯ ಕತೆ ಹೇಳಿದೆ

ಎರಡು ದಿನ ಬಿಟ್ಟು ಹೋದೆ. ಗುಡಿಯ ಕಟ್ಟೆಯ ಮೇಲೆ ಹದಿನೈದು ಜನ ಕೂತಿದ್ದರು. ಎಲ್ಲರಿಗಿಂತ ಹಿರಿಯರೊಬ್ಬರು ಇದ್ದರು, ಊರಿಗೆಲ್ಲ ಕಾಕಾ. ನನಗೂ ಅಲ್ಲಿಂದ ಕಾಕಾ ಆದರು. ನೇರವಾಗಿ ಕೊಡಬೇಡಿ ಅಂದರೆ ಯಾರೂ ಕೇಳುತ್ತಿರಲಿಲ್ಲ. ಅದಕ್ಕೆ ಕೇರಳದ ಕತೆ ಹೇಳಿದೆ.

ಕೊಲ್ಲಂ ಊರಿಗೆ ಅಂಟಿಕೊಂಡು ಅಷ್ಟಮುಡಿ ಅಂತ ದೊಡ್ಡ ಹಿನ್ನೀರು ಇದೆ. ಇಲ್ಲಿನ ಹಾಗೆ ಅಣೆಕಟ್ಟಿನ ಹಿನ್ನೀರಲ್ಲ, ಸಮುದ್ರ ಒಳಗೆ ಬರುವ ಉಪ್ಪುನೀರು. ಅದರ ತಳದ ಮರಳಿನಲ್ಲಿ ಹಳದಿ ಪಾದದ ಒಂದು ಸಣ್ಣ ಚಿಪ್ಪು ಸಿಗುತ್ತದೆ. ಕುಮಟಾ, ಹೊನ್ನಾವರದ ಕಡೆ ಬಳಚು ಅನ್ನುವ ಜಾತಿಗೆ ಹತ್ತಿರದ್ದು. 1980ರ ದಶಕದಲ್ಲಿ ವಿಯೆಟ್ನಾಂ, ಥಾಯ್ಲೆಂಡ್, ಮಲೇಷ್ಯಾದಿಂದ ಬೇಡಿಕೆ ಬಂತು. ಬೇಡಿಕೆ ಬಂದ ಮೇಲೆ ಯಾರು ಸುಮ್ನೆ ಕೂರುತ್ತಾರೆ? ತೆಗೆದರು, ಇನ್ನೂ ತೆಗೆದರು. 1991ರಲ್ಲಿ ವರ್ಷಕ್ಕೆ 10,000 ಟನ್ ಮುಟ್ಟಿತು. 1993ಕ್ಕೆ ಅದರ ಅರ್ಧಕ್ಕೆ ಬಿತ್ತು.

"ಎರಡ ವರ್ಷದಾಗ?" ಅಂತ ಒಬ್ಬ ಹುಡುಗ ಕೇಳಿದ. ಹೌದು, ಎರಡೇ ವರ್ಷದಲ್ಲಿ.

ಆಮೇಲೆ ಏನು ಮಾಡಿದರು ಅನ್ನುವುದು ನನಗೆ ಈಗಲೂ ಬಹಳ ಇಷ್ಟವಾದ ಭಾಗ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅಲ್ಲಿನ ಚಿಪ್ಪಿನ ಗಾತ್ರ, ಬೆಳವಣಿಗೆ, ಮೊಟ್ಟೆ ಬಿಡುವ ತಿಂಗಳು ಎಲ್ಲ ನೋಡಿದ್ದರು. ಅದರ ಮೇಲೆ ನಿಯಮ ಬಂತು. ಡಿಸೆಂಬರಿನಿಂದ ಫೆಬ್ರವರಿವರೆಗೆ ತೆಗೆಯುವ ಹಾಗಿಲ್ಲ, ಅದು ಮರಿಯಾಗುವ ಕಾಲ. ಬಲೆಯ ಕಣ್ಣು 30 ಮಿಲಿಮೀಟರ್ ಇರಬೇಕು, ಸಣ್ಣವು ಉದುರಿ ತಳಕ್ಕೇ ಬೀಳಲಿ ಅಂತ. ಯಂತ್ರ ಹಾಕಿ ಎಳೆಯುವ ಹಾಗಿಲ್ಲ. ಇನ್ನೊಂದು, ರಫ್ತಿಗೆ ಹೋಗುವ ಮಾಂಸದಲ್ಲಿ ಕಿಲೋಗೆ 1,400ಕ್ಕಿಂತ ಜಾಸ್ತಿ ತುಂಡು ಇರಬಾರದು. ಜಾಸ್ತಿ ಇದ್ದರೆ ಸಣ್ಣ ಚಿಪ್ಪು ಸೇರಿದೆ ಅಂತ ಅರ್ಥ. ನೀರಿನಲ್ಲಿ ಪೊಲೀಸ್ ಕೆಲಸ ಮಾಡುವ ಬದಲು ಫ್ಯಾಕ್ಟರಿ ತಕ್ಕಡಿಯ ಹತ್ತಿರವೇ ಹಿಡಿದರು.

ಗಮನಿಸಿ, ಇದರಲ್ಲಿ ಎಲ್ಲೂ "ವರ್ಷಕ್ಕೆ ಇಷ್ಟೇ ಟನ್" ಅಂತ ಇಲ್ಲ. ಸಮೀಕ್ಷೆಯಿಂದ ಬಂದದ್ದು ಗಾತ್ರ ಮತ್ತು ತಿಂಗಳು. ಒಟ್ಟು ಎಷ್ಟಿವೆ ಅನ್ನುವ ಎಣಿಕೆ ಹೆಚ್ಚುಕಡಿಮೆ ಆದರೂ ಈ ನಿಯಮಗಳು ಕೆಲಸ ಮಾಡುತ್ತವೆ. ವರ್ಷಕ್ಕೆ ತೆಗೆಯುವ ಚಿಪ್ಪಿನ ಪ್ರಮಾಣ ಮತ್ತೆ ಮೇಲೆದ್ದಿತು, ಸುಮಾರು ಒಂದು ದಶಕ 10,000 ಟನ್ನಿನ ಆಸುಪಾಸಿನಲ್ಲಿ ನಿಂತಿತು. 3,000 ಜನರ ಹೊಟ್ಟೆಪಾಡು ಅದು. ಬರಿದು ಮಾಡದೆ ಹಿಡಿಯುವ ಮೀನುಗಾರಿಕೆಗೆ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಕೊಡುವ ಪ್ರಮಾಣಪತ್ರ 2014ರಲ್ಲಿ ಸಿಕ್ಕಿತು, ಭಾರತದ ಮೀನುಗಾರಿಕೆಗೆ ಮೊದಲನೆಯದು.

ಇಲ್ಲಿಗೆ ನಿಲ್ಲಿಸಿದ್ದರೆ ಕತೆ ಚಂದ ಇರುತ್ತಿತ್ತು. ಆದರೆ ಆಮೇಲೆ ಅಷ್ಟಮುಡಿಯಲ್ಲಿ ಚಿಪ್ಪು ಮತ್ತೆ ಕುಸಿಯಿತು. ಈ ಸಲ ಮೀನುಗಾರರ ಅತಿಯಾಸೆಯೊಂದನ್ನೇ ದೂರುವ ಹಾಗಿರಲಿಲ್ಲ. ನೀರು ಕೆಟ್ಟಿತ್ತು, ಹೊರದೇಶದ ಒಂದು ಚಿಪ್ಪುಜಾತಿ ಬಂದು ತಳವನ್ನು ಹಾಸಿಗೆಯ ಹಾಗೆ ಮುಚ್ಚಿತ್ತು. ಹ್ಯಾಚರಿಯಲ್ಲಿ ಮರಿ ಮಾಡಿ ತಂದು ಬಿಡುವ ಕೆಲಸ ಶುರುವಾಯಿತು. ಕಟ್ಟೆಯ ಮೇಲೆ ಇದನ್ನೂ ಹೇಳಿದೆ. ಹೇಳದೆ ಮುಚ್ಚಿಟ್ಟರೆ ನಾಳೆ ಯಾರಾದರೂ ಮೊಬೈಲಿನಲ್ಲಿ ನೋಡಿ, "ನಿಮ್ಮ ನಿಯಮದಿಂದ ಏನಾತ್ರಿ?" ಅಂತ ಕೇಳುತ್ತಾರೆ.

ನೀರೊಳಗೆ ಕಟಾವು ಪ್ರಯೋಗ

"ಅದೆಲ್ಲ ಖರೆ. ಆದ್ರ ನೀರಾಗ ಇರೂದನ್ನ ಹೆಂಗ ಎಣಸ್ತಿ ತಂಗಿ?" ಕಾಕಾ ಕೇಳಿದರು.

ಇದಕ್ಕೆ ಉತ್ತರ ನಮ್ಮ ಊರುಗಳಲ್ಲೇ ಇದೆ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ರೈತರಿಗೆಲ್ಲ ಬೆಳೆ ಕಟಾವು ಪ್ರಯೋಗ ಗೊತ್ತು. ಇಡೀ ಹೊಲ ಕೊಯ್ದು ತೂಗುವುದಿಲ್ಲ. ಪಟ್ಟಿಯಲ್ಲಿ ಬಂದ ಸಂಖ್ಯೆಯ ಪ್ರಕಾರ ಹೊಲದೊಳಗೆ ಇಷ್ಟು ಹೆಜ್ಜೆ ಉದ್ದ, ಇಷ್ಟು ಹೆಜ್ಜೆ ಅಗಲ ನಡೆದು, ಅಲ್ಲಿ 5 ಮೀಟರ್‌ಗೆ 5 ಮೀಟರ್ ಚೌಕ ಹಾಕಿ, ಅಷ್ಟನ್ನೇ ಕೊಯ್ದು ತೂಗುತ್ತಾರೆ. ಅದರಿಂದ ಇಡೀ ಊರಿನ ಇಳುವರಿ ಅಂದಾಜು. ವಿಮೆಯ ರೊಕ್ಕ ಬರುವುದೂ ಅದರ ಮೇಲೇ. ವಿಮೆ ಬೇಕಾದಾಗ ಸಾಹೇಬರನ್ನು ಒಣಗಿದ ಮೂಲೆಗೆ ಕರೆದುಕೊಂಡು ಹೋಗಲು ಎಲ್ಲರಿಗೂ ಆಸೆ. ಅದಕ್ಕೇ ಜಾಗವನ್ನು ಮನುಷ್ಯ ಆರಿಸಬಾರದು, ಸಂಖ್ಯೆ ಆರಿಸಬೇಕು.

ಡ್ಯಾಮಿನ ಹೂಳು ಅಳೆಯುವುದೂ ಹೀಗೇ. 1953ರಲ್ಲಿ ನೀರು ನಿಂತಾಗ ತುಂಗಭದ್ರೆಯ ಸಾಮರ್ಥ್ಯ 133 ಟಿಎಂಸಿ. ಈಗಿನ ಲೆಕ್ಕ 105.79. ಮಧ್ಯದ 27 ಟಿಎಂಸಿ ಜಾಗದಲ್ಲಿ ಮಣ್ಣು ಕೂತಿದೆ ಅಂತ ಯಾರಾದರೂ ಇಳಿದು ಬುಟ್ಟಿ ಬುಟ್ಟಿ ಎಣಿಸಿದ್ದಾರಾ? ದೋಣಿ ಗೆರೆ ಹಿಡಿದು ಹೋಗಿ ಆಳ ಅಳೆಯುತ್ತದೆ. ಎರಡು ಗೆರೆಗಳ ನಡುವಿನದು ಅಂದಾಜು. ಈ ಮಾತಿಗೆ ಕಟ್ಟೆಯಲ್ಲಿ ತಲೆಗಳು ಅಲ್ಲಾಡಿದವು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗಿನಿಂದ ಇಲ್ಲಿ ಸಣ್ಣ ಹುಡುಗರೂ ಅಡಿ, ಟಿಎಂಸಿ, ಕ್ಯೂಸೆಕ್ ಅಂತಲೇ ಮಾತಾಡುತ್ತಾರೆ.

ಸಮುದ್ರದ ತಳಕ್ಕೆ ಇನ್ನೂ ದೊಡ್ಡ ಸಾಮಾನು ಬೇಕು. ಹಡಗಿನಿಂದ ಹಲ್ಲಿರುವ ಕಬ್ಬಿಣದ ಚೌಕಟ್ಟಿಗೆ ಬಲೆ ಕಟ್ಟಿ ತಳಕ್ಕೆ ಬಿಟ್ಟು ಎಳೆಯುತ್ತಾರೆ. ತಳವನ್ನು ಬಾಚಿಕೊಂಡು ಬರುವ ಈ ಬಲೆ ಎದುರಿಗೆ ಸಿಕ್ಕಿದ್ದೆಲ್ಲ ಹಿಡಿಯುವುದಿಲ್ಲ. ಕೆಲವು ಕೆಳಗೆ ಉಳಿಯುತ್ತವೆ, ಕೆಲವು ಕಣ್ಣಿನಿಂದ ಉದುರುತ್ತವೆ. ಎಷ್ಟು ಪಾಲು ಸಿಗುತ್ತದೆ ಅಂತ ಬೇರೆಯಾಗಿ ಅಳೆಯದಿದ್ದರೆ ಲೆಕ್ಕವೆಲ್ಲ ಉಲ್ಟಾ.

ಅಮೆರಿಕದ ಪೂರ್ವ ಕರಾವಳಿಯಾಚೆ ಜಾರ್ಜಸ್ ಬ್ಯಾಂಕ್ ಅನ್ನುವ ಮೀನು ಹಿಡಿಯುವ ಸಮುದ್ರಪ್ರದೇಶದಲ್ಲಿ, ತಳದಲ್ಲಿ ಎಷ್ಟಿವೆ ಅನ್ನುವ ಇದೇ ಜಗಳ ಆಯಿತು. ಕಾಡ್, ಹ್ಯಾಡಕ್ ಮೀನು ಉಳಿಸಲು 1994ರಲ್ಲಿ ಅಲ್ಲಿನ ದೊಡ್ಡ ಪ್ರದೇಶಗಳನ್ನು ಮುಚ್ಚಿದರು. ಸ್ಕಾಲಪ್ ಅನ್ನುವ ಚಿಪ್ಪು ಹಿಡಿಯುವವರಿಗೂ ಪ್ರವೇಶ ಇಲ್ಲ. ಕೆಲವು ವರ್ಷದಲ್ಲಿ ಒಳಗೆ ಸ್ಕಾಲಪ್ ತುಂಬಿಹೋಗಿವೆ, ತೆರೆಯಿರಿ ಅಂತ ಮೀನುಗಾರರ ಒತ್ತಾಯ. 1999ರಲ್ಲಿ ಮೀನುಗಾರರೇ ತಮ್ಮ ದೋಣಿ ಕೊಟ್ಟರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಕೆವಿನ್ ಸ್ಟೋಕ್ಸ್‌ಬರಿ ಮತ್ತು ಅವರ ಜೊತೆಯವರು ಕಬ್ಬಿಣದ ಚೌಕಟ್ಟಿಗೆ ಕ್ಯಾಮೆರಾ ಕಟ್ಟಿ ಸಮುದ್ರದ ತಳಕ್ಕೆ ಇಳಿಸಿದರು. ಒಂದು ಚಿತ್ರದಲ್ಲಿ 2.8 ಚದರ ಮೀಟರ್ ತಳ ಕಾಣುತ್ತದೆ. ಎತ್ತುವುದು, ಸ್ವಲ್ಪ ಸರಿಯುವುದು, ಮತ್ತೆ ಇಳಿಸುವುದು. ಒಂದು ಜಾಗದಲ್ಲಿ ನಾಲ್ಕು ಸಲ. ಒಂದು ಚಿಪ್ಪನ್ನೂ ಕೊಲ್ಲದೆ ಎಣಿಕೆ. ಮೀನುಗಾರರು ಹೇಳಿದ್ದು ಖರೆ ಅಂತ ಕಂಡಿತು. ಆಮೇಲೆ ಮುಚ್ಚಿದ್ದರಲ್ಲಿ ಕೆಲವು ಭಾಗ ತೆರೆದರು.

ಸಮೀಕ್ಷೆ ಅಂದರೆ ಬರೀ "ಬೇಡ" ಅನ್ನಲಿಕ್ಕೆ ಅಂತ ತಿಳಿದವರಿಗೆ ನಾನು ಈ ಕತೆ ತಪ್ಪದೆ ಹೇಳುತ್ತೇನೆ.

ಮೂವತ್ತು ಚೌಕ

ನಮ್ಮ ಸಾಮಾನು ಏನು? ಪ್ಲಂಬರ್ ಅಂಗಡಿಯ ಪಿವಿಸಿ ಪೈಪಿನಿಂದ ಮಾಡಿದ ಒಂದು ಮೀಟರ್ ಚೌಕ, ತೇಲಬಾರದು ಅಂತ ಒಳಗೆ ಮರಳು ತುಂಬಿದ್ದು. ಕಟ್ಟಡ ಕೆಲಸದವರ ಮರಳು ಜರಡಿ. ಮಕ್ಕಳ ಸ್ಕೇಲು. ಒಂದು ಹರಗೋಲು. ಒಂದು ನೋಟ್‌ಬುಕ್.

ಜಾಗ ಒಂದು ಕೊಲ್ಲಿ, ಸುಮಾರು 12 ಎಕರೆ. ಅಂದರೆ 48,500 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ನೀರು ಮೊಣಕಾಲಿನಿಂದ ಎದೆಮಟ್ಟ. ದಂಡೆಗೆ ಹಗ್ಗ ಎಳೆದು ಗುರುತು ಹಾಕಿದೆವು. ಚೀಟಿಗಳನ್ನು ಕೊಡದಲ್ಲಿ ಹಾಕಿ ಒಂದು ಮಗುವಿನಿಂದ ಎತ್ತಿಸಿದೆವು. ಮೊದಲ ಚೀಟಿ ದಂಡೆಯ ಉದ್ದಕ್ಕೆ, ಎರಡನೆಯದು ನೀರಿನೊಳಗೆ. ಎರಡೂ ಗೆರೆ ಕೂಡುವಲ್ಲಿ ಚೌಕ.

ಮೊದಲ ಚೌಕ ಖಾಲಿ. ಎರಡನೆಯದು ಖಾಲಿ. ಮೂರನೆಯದೂ ಖಾಲಿ. ಕಾಕಾಗೆ ತಡೆಯಲಾಗಲಿಲ್ಲ.

"ತಂಗಿ, ಅಲ್ಲೇನೂ ಇಲ್ಲ ಅಂತ ಹುಟ್ಟಿದಾಗಿಂದ ಗೊತ್ತೈತಿ ನನಗ. ಸುಮ್ನ ಯಾಕ ಹುಡುಗರನ್ನ ಮುಳುಗಸ್ತಿ? ಇರೂ ಜಾಗ ನಾ ತೋರಸ್ತೀನಿ ಬಾ."

"ತೋರಿಸಿ ಕಾಕಾ, ಆಮೇಲೆ ನೋಡೋಣ. ಈಗ ಸೊನ್ನೆ ಅಂತ ಬರೆದುಕೊಳ್ಳಲಿ."

"ಸೊನ್ನೀನೂ ಬರೀಬೇಕಾ?"

ಇಡೀ ಪ್ರಕರಣ ತಿರುಗಿದ್ದು ಈ ಸೊನ್ನೆಯ ಸುತ್ತವೇ. ಬೆಳಿಗ್ಗೆಯಿಂದ ಸಂಜೆವರೆಗೆ 30 ಚೌಕ ಆದವು. 17 ಖಾಲಿ. ಎಂಟು ಚೌಕಗಳಲ್ಲಿ ಒಂದೋ ಎರಡೋ, ಒಟ್ಟು 11. ನಾಲ್ಕು ಚೌಕಗಳಲ್ಲಿ ನಾಲ್ಕರಿಂದ ಆರು, ಒಟ್ಟು 19. ಉಳಿದ ಒಂದೇ ಒಂದು ಚೌಕದಲ್ಲಿ 24. ಅದು ಸಿಕ್ಕಾಗ ಹುಡುಗರು ಕೂಗಿದ್ದು ಆಚೆ ದಂಡೆಗೂ ಕೇಳಿರಬೇಕು. ಎಲ್ಲ ಕೂಡಿ 54. ಅಳೆದು ಬರೆದುಕೊಂಡು ಎಲ್ಲವನ್ನೂ ತಿರುಗಿ ನೀರಿಗೆ ಬಿಟ್ಟೆವು.

ರಾತ್ರಿ ಸಂಘದ ಕೋಣೆಯಲ್ಲಿ ಲೆಕ್ಕಕ್ಕೆ ಕೂತೆವು. ಸಂಘದ ಕಾರ್ಯದರ್ಶಿ ಡಿಗ್ರಿ ಓದಿದವನು, ಕ್ಯಾಲ್ಕುಲೇಟರ್ ಅವನ ಕೈಯಲ್ಲಿತ್ತು. ಚಿಪ್ಪು ಸಿಕ್ಕಿದ ಚೌಕ 13, ಸಿಕ್ಕಿದ ಚಿಪ್ಪು 54, ಒಂದು ಚದರ ಮೀಟರಿಗೆ ನಾಲ್ಕರ ಮೇಲೆ ಅಂದ. 48,500ಕ್ಕೆ ಗುಣಿಸಿದ. ಎರಡು ಲಕ್ಷ! "ಅರ್ಧ ಕೊಟ್ರೂ ಇನ್ನರ್ಧ ಉಳಿತಾವಲ್ರಿ."

ಖಾಲಿ 17ನ್ನೂ ಸೇರಿಸು ಅಂದೆ. 54ನ್ನು 30ರಿಂದ ಭಾಗಿಸಿದರೆ 1.8. ಗುಣಿಸಿದರೆ ಸುಮಾರು 87,000. ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಕೇಳಿದವರಿಗೆ ಒಂದು ಲಕ್ಷ ಬೇಕು, ಕೊಲ್ಲಿಯಲ್ಲಿ ಸಣ್ಣದು ದೊಡ್ಡದು ಎಲ್ಲ ಸೇರಿ ಅಷ್ಟಿಲ್ಲ. ಅದೇ ನೀರು, ಅದೇ ಚಿಪ್ಪು. ಸೊನ್ನೆ ಬಿಟ್ಟರೆ ಎರಡು ಲಕ್ಷ, ಸೇರಿಸಿದರೆ ಒಂದಕ್ಕೂ ಕಡಿಮೆ.

ಅಷ್ಟಕ್ಕೇ ಮುಗಿಯಲಿಲ್ಲ. ಆ 24ರ ಒಂದು ಚೌಕ ನಮಗೆ ಚೀಟಿಯಲ್ಲಿ ಬರದೇ ಹೋಗಿದ್ದರೆ? 29 ಚೌಕಕ್ಕೆ 30 ಚಿಪ್ಪು, ಸರಾಸರಿ ಒಂದು. ಕೊಲ್ಲಿಗೆಲ್ಲ ಸೇರಿ 50,000. ಒಂದು ಚೀಟಿ ಹೆಚ್ಚುಕಡಿಮೆ 37,000 ಚಿಪ್ಪನ್ನು ಹುಟ್ಟಿಸಿತ್ತು! ಕಪ್ಪೆಚಿಪ್ಪು ಭತ್ತದ ಹಾಗೆ ಸಮನಾಗಿ ಹರಡಿರುವುದಿಲ್ಲ. ಸಂತೆಯ ಜನರ ಹಾಗೆ ಗುಂಪುಗುಂಪಾಗಿ ಇರುತ್ತವೆ. ಗುಂಪುಗುಂಪಾಗಿ ಇರುವುದನ್ನು 30 ಚೌಕದಲ್ಲಿ ಹಿಡಿಯಲು ಆಗುವುದಿಲ್ಲ. ನಾನು ಓದಿದ ಸೂತ್ರ ಹಾಕಿ ಹೆಚ್ಚುಕಡಿಮೆಯ ಅಂತರ ತೆಗೆದೆ. 10,000ಕ್ಕೂ ಕೆಳಗಿನಿಂದ ಶುರುವಾಗಿ ಒಂದೂಮುಕ್ಕಾಲು ಲಕ್ಷದ ಹತ್ತಿರಕ್ಕೆ ಹೋಯಿತು.

"ಇದರಾಗ ಎಣಿಸಿದ್ದೇನು ಬಂತು?" ಕಾಕಾ ಕೇಳಿದರು. ನ್ಯಾಯವಾದ ಪ್ರಶ್ನೆ.

ನನ್ನ ತಪ್ಪು

ಗಾತ್ರದ ಪಟ್ಟಿ ನೋಡಿದಾಗ ಇನ್ನೊಂದು ಗಂಟು ಕಂಡಿತು. 54ರಲ್ಲಿ 31 ಚಿಪ್ಪು 8 ಸೆಂಟಿಮೀಟರಿಗಿಂತ ಉದ್ದ. 20 ಮಧ್ಯಮ. 4 ಸೆಂಟಿಮೀಟರಿಗಿಂತ ಸಣ್ಣವು ಮೂರೇ ಮೂರು. ಊರಿನಲ್ಲಿ ಮುದುಕರೇ ಇದ್ದು ಮಕ್ಕಳೇ ಇಲ್ಲದ ಹಾಗೆ. ಇದನ್ನು ನೋಡಿದರೆ ಯಾರಿಗಾದರೂ ಗಾಬರಿ. ಮರಿಯೇ ಆಗುತ್ತಿಲ್ಲ ಅಂದರೆ ಈಗಿರುವ ದೊಡ್ಡವನ್ನು ಮುಟ್ಟಲೇಬಾರದು.

ಗಾಬರಿಯಲ್ಲಿ ಹಾಗೇ ಹೇಳಿಯೂ ಬಿಟ್ಟೆ. ಬೆಳಿಗ್ಗೆ ಜರಡಿ ತೊಳೆಯುವಾಗ ತಿಳಿಯಿತು. ಅದರ ತೂತಿನಲ್ಲಿ ನನ್ನ ಹೆಬ್ಬೆರಳು ಸಲೀಸಾಗಿ ಹೋಗುತ್ತಿತ್ತು. ಅದು ಕಲ್ಲು ಬೇರೆ ಮಾಡುವ ಜರಡಿ, ಸಣ್ಣ ಮರಳಿನದಲ್ಲ. ಹೋಗಲಿ ಅಂದರೆ, ಅರ್ಧಕ್ಕಿಂತ ಜಾಸ್ತಿ ಚೌಕಗಳಲ್ಲಿ ಹುಡುಗರು ಜರಡಿ ಹಿಡಿದೇ ಇರಲಿಲ್ಲ, ಕೈಯಲ್ಲಿ ತಡಕಿದ್ದರು. ಕೆಸರಿನಲ್ಲಿ ಬೆರಳುಗುರಿನಷ್ಟು ಚಿಪ್ಪು ಕೈಗೆ ಹೇಗೆ ಸಿಗುತ್ತದೆ? ಮರಿಗಳು ಇರಲಿಲ್ಲವೋ, ಇದ್ದೂ ನಮಗೆ ಸಿಗಲಿಲ್ಲವೋ ಹೇಳುವ ಹಾಗಿಲ್ಲ. ಸಮುದ್ರದವರು ಎಳೆಯುವ ಬಲೆಯ ಬಗ್ಗೆ ಕಟ್ಟೆಯ ಮೇಲೆ ಭಾಷಣ ಮಾಡಿದವಳು ನಾನೇ ಅಲ್ವಾ? ಸಂಘದವರ ಮುಂದೆ ತಪ್ಪಾಯಿತು ಅಂತ ಒಪ್ಪಿಕೊಂಡೆ. ಒಬ್ಬ ಮಾತ್ರ ನಕ್ಕ.

ಅಷ್ಟಮುಡಿಯ ನಿಯಮವನ್ನು ಹಾಗೇ ಎತ್ತಿ ತಂದು ಇಲ್ಲಿ ಇಡಲು ಆಗುವುದಿಲ್ಲ ಅನ್ನುವುದಕ್ಕೆ ಇನ್ನೊಂದು ದೊಡ್ಡ ಕಾರಣ ಇದೆ. ಉಪ್ಪುನೀರಿನ ಆ ಚಿಪ್ಪು ಮೊಟ್ಟೆಯನ್ನು ನೀರಿಗೆ ಬಿಡುತ್ತದೆ. ಮರಿಗಳು ಕೆಲವು ದಿನ ನೀರಿನಲ್ಲಿ ತೇಲಿ ಆಮೇಲೆ ತಳಕ್ಕೆ ಕೂರುತ್ತವೆ. ಬೇಗ ಬೆಳೆಯುತ್ತವೆ. ನಮ್ಮ ಸಿಹಿನೀರಿನ ಕಪ್ಪೆಚಿಪ್ಪಿನ ಸಂಸಾರ ಬೇರೆ. ತಾಯಿ ಮರಿಗಳನ್ನು ತನ್ನ ಕಿವಿರಿನಲ್ಲೇ ಇಟ್ಟುಕೊಳ್ಳುತ್ತದೆ. ಹೊರಬಿಟ್ಟ ಮೇಲೆ ಆ ಮರಿ ಯಾವುದಾದರೂ ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಳ್ಳಬೇಕು. ಕೆಲವು ದಿನ ಅದರ ಮೈಮೇಲೆ ಬದುಕಿ, ರೂಪ ಬದಲಿಸಿ, ಆಮೇಲೆ ಉದುರಿ ತಳ ಸೇರುತ್ತದೆ. ಮೀನು ಸಿಗದಿದ್ದರೆ ಸಾವು. ಅಂದರೆ ಮೀನಿಲ್ಲದೆ ಕಪ್ಪೆಚಿಪ್ಪಿಲ್ಲ. ಸಣ್ಣ ಕಣ್ಣಿನ ಬಲೆ ಹಾಕಿ ಮೀನು ಬರಿದು ಮಾಡಿದರೆ ಚಿಪ್ಪಿಗೂ ಅದೇ ಗತಿ, ಒಂದೇ ಒಂದು ಚಿಪ್ಪು ಮುಟ್ಟದಿದ್ದರೂ.

ಇದನ್ನು ಹೇಳಿದಾಗ ಕಾಕಾ ಬಹಳ ಹೊತ್ತು ನನ್ನ ಮುಖ ನೋಡಿದರು. ಮೀನಿನ ಕಿವಿರಿನಲ್ಲಿ ಬಿಳಿ ಚುಕ್ಕೆಗಳನ್ನು ಎಷ್ಟೋ ಸಲ ನೋಡಿದ್ದೇನೆ, ರೋಗ ಅಂತ ತಿಳಿದಿದ್ದೆ ಅಂದರು. ರೋಗವೂ ಇರಬಹುದು ಕಾಕಾ, ಮುಂದಿನ ಸಲ ಸಿಕ್ಕರೆ ನನಗೆ ತೋರಿಸಿ ಅಂದೆ.

ಏನು ತೀರ್ಮಾನ ಆಯಿತು

ಇಂಗ್ಲೆಂಡಿನ ವಾಶ್ ಕೊಲ್ಲಿಯಲ್ಲಿ ಕಾಕಲ್ ಅನ್ನುವ ಚಿಪ್ಪಿಗೆ ಒಂದು ಪದ್ಧತಿ ಇದೆ. ಪ್ರತಿ ವಸಂತದಲ್ಲಿ ಮರಳುದಿಬ್ಬಗಳ ಮೇಲೆ ಚೌಕಳಿ ಹಾಕಿ ಎಣಿಸುತ್ತಾರೆ. ದೊಡ್ಡ ಚಿಪ್ಪಿನ ಒಟ್ಟು ತೂಕದಲ್ಲಿ ಮೂರನೇ ಒಂದು ಪಾಲು ಮಾತ್ರ ಆ ವರ್ಷ ತೆಗೆಯಬಹುದು. ಚಳಿಗಾಲದಲ್ಲಿ ಬರುವ ಹಕ್ಕಿಗಳ ಪಾಲು ಬೇರೆ ತೆಗೆದಿಡುತ್ತಾರೆ. ಕಾರ್ಯದರ್ಶಿಗೆ ಈ ಮೂರನೇ ಒಂದು ಬಹಳ ಹಿಡಿಸಿತು. 87,000ದಲ್ಲಿ ದೊಡ್ಡವು ಸುಮಾರು 50,000, ಅದರಲ್ಲಿ ಮೂರನೇ ಒಂದು 16,700. "ಅಷ್ಟಾದ್ರೂ ಕೊಡೋಣ್ರಿ."

ನಾನು ಒಪ್ಪಲಿಲ್ಲ. ಅವರು ವರ್ಷವೂ ಎಣಿಸುತ್ತಾರೆ. ಈ ವರ್ಷ ತಪ್ಪಾದರೆ ಮುಂದಿನ ವರ್ಷ ಕಾಣುತ್ತದೆ, ಮಿತಿ ಇಳಿಸುತ್ತಾರೆ. ನಮ್ಮದು ಒಂದೇ ದಿನದ ಎಣಿಕೆ, ಅದೂ ತೂತಿನ ಜರಡಿಯದು. ನಿಜವಾದ ಸಂಖ್ಯೆ ನಮ್ಮ ಅಂತರದ ಕೆಳತುದಿಯಲ್ಲಿದ್ದರೆ 16,700 ಅಂದರೆ ಇಡೀ ಕೊಲ್ಲಿಯೇ ಬರಿದು.

ವಾದ ಮಧ್ಯರಾತ್ರಿವರೆಗೆ ನಡೆಯಿತು. ಒಬ್ಬನ ಮಗಳ ಮದುವೆ ಇತ್ತು, ರೊಕ್ಕ ಬೇಕಿತ್ತು. "ನಾವು ಬ್ಯಾಡ ಅಂದ್ರ ಆಚಿ ದಂಡಿಯವ್ರು ಕೊಡ್ತಾರ" ಅಂದವರೂ ಇದ್ದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟಮುಡಿಯಲ್ಲಿ ಎಲ್ಲ ದಂಡೆಗಳಿಗೂ ಒಂದೇ ನಿಯಮ, ಮಾಲೆಲ್ಲ ಕೆಲವೇ ಫ್ಯಾಕ್ಟರಿಗಳ ಬಾಗಿಲಿಗೆ ಬರುತ್ತದೆ. ಇಲ್ಲಿ ಹಾಗಿಲ್ಲ. ಇಲ್ಲಿ ಮೀನಿಗೆ ಲೈಸೆನ್ಸು ಇದೆ. ಕಪ್ಪೆಚಿಪ್ಪಿಗೆ ಯಾರ ಅಪ್ಪಣೆ ಬೇಕು ಅಂತ ಎರಡು ಕಡೆ ಕೇಳಿದರೆ ಎರಡು ಉತ್ತರ ಬಂತು. ಕೊನೆಗೆ ಲಿಖಿತವಾಗಿ ಅರ್ಜಿ ಕೊಟ್ಟು, ಉತ್ತರ ಬರುವವರೆಗೆ ಯಾರೂ ಒಂದು ಚಿಪ್ಪನ್ನೂ ಮಾರಬಾರದು ಅಂತಾಯಿತು.

ಅಪ್ಪಣೆ ಸಿಕ್ಕರೆ ಹೇಗೆ ಅಂತಲೂ ಅದೇ ರಾತ್ರಿ ಬರೆದಿಟ್ಟರು. ಕೊಲ್ಲಿಯ ಅರ್ಧ ಭಾಗವನ್ನು ಮುಟ್ಟುವ ಹಾಗಿಲ್ಲ. ಯಾವ ಅರ್ಧ ಅನ್ನುವುದನ್ನು ಕಾಕಾ ಹೇಳಿದರು, 24 ಸಿಕ್ಕಿದ ಕಡೆಯನ್ನೇ ಮುಚ್ಚಬೇಕು ಅಂತ. ಗುಂಪು ಇರುವಲ್ಲೇ ಮರಿಯಾಗುತ್ತದೆ ಅನ್ನುವುದು ಅವರ ತರ್ಕ. ನನಗೂ ಸರಿ ಕಂಡಿತು, ಗಂಡು ಹೆಣ್ಣು ಹತ್ತಿರ ಇದ್ದರೇ ಅಲ್ವಾ. ಉಳಿದರ್ಧದಲ್ಲಿ 8ರಿಂದ 10 ಸೆಂಟಿಮೀಟರಿನ ಒಳಗಿನವನ್ನು ಮಾತ್ರ ತೆಗೆಯುವುದು. ಅದಕ್ಕೂ ದೊಡ್ಡವನ್ನು ಬಿಡುವುದು, ಅವು ಹೆಚ್ಚು ಮರಿ ಹೊರುವ ತಾಯಿಗಳು. ಬಲೆ, ಸನಿಕೆ ಬೇಡ, ಕೈಯಲ್ಲೇ ಆರಿಸಬೇಕು. ದಂಡೆಯಲ್ಲಿ ಸತ್ತ ಕೆಲವು ಚಿಪ್ಪುಗಳನ್ನು ಪ್ರತಿ ತಿಂಗಳು ಬಿಡಿಸಿ ಕಿವಿರು ಉಬ್ಬಿದೆಯಾ ನೋಡಿ ಬರೆದಿಡುವುದು. ಉಬ್ಬಿದ್ದರೆ ಒಳಗೆ ಮರಿ ಇವೆ ಅಂತ ಅರ್ಥ, ಆ ತಿಂಗಳು ತೆಗೆಯುವ ಹಾಗಿಲ್ಲ. ಮೊದಲ ವರ್ಷ 5,000ಕ್ಕಿಂತ ಜಾಸ್ತಿ ಬೇಡ.

5,000 ಎಲ್ಲಿಂದ ಬಂತು ಅಂತ ಕೇಳಬಹುದು. ಯಾವ ಸೂತ್ರದಿಂದಲೂ ಬರಲಿಲ್ಲ. 16,700 ಅಂದವರು ಮತ್ತು ಒಂದೂ ಬೇಡ ಅಂದ ನಾನು ಚೌಕಾಸಿ ಮಾಡಿ ಬಂದು ನಿಂತ ಸಂಖ್ಯೆ ಅದು. ನಮ್ಮ ಎಣಿಕೆಯ ಕೆಳತುದಿ ನಿಜವಾಗಿದ್ದರೆ ಅದೂ ಜಾಸ್ತಿಯೇ. ಆಗ ಕಾಯುವುದು ಸಂಖ್ಯೆಯಲ್ಲ, ಮುಚ್ಚಿದ ಅರ್ಧ ಮತ್ತು ಸ್ಕೇಲಿನ ಅಳತೆ. ನಾನು ಒಪ್ಪಿದ್ದು ಆ ಎರಡನ್ನು ನೋಡಿ.

ಮುತ್ತಿನವರಿಗೆ ಫೋನ್ ಮಾಡಿ ಹೇಳಿದರು. ಐದು ಸಾವಿರಕ್ಕೆ ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲ ಅಂತ ಆ ಕಡೆಯವರು ಫೋನ್ ಇಟ್ಟರು. ಮದುವೆ ಮನೆಯವನು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಆಚೆ ದಂಡೆಯಿಂದ ಯಾರಾದರೂ ಕೊಟ್ಟರಾ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಜುಲೈಯಲ್ಲಿ ಹೊಸ ನೀರು ಬಂತು. ಚೌಕ ಹಾಕಿದ ಜಾಗವೆಲ್ಲ ಎರಡಾಳು ಆಳಕ್ಕೆ ಹೋಯಿತು. ಪಿವಿಸಿ ಚೌಕ ಸಂಘದ ಕೋಣೆಯ ಗೋಡೆಗೆ ತೂಗುತ್ತಿದೆ, ಅದರ ಮೇಲೆ ಯಾರೋ ಟವೆಲ್ ಒಣಹಾಕುತ್ತಾರೆ. ಕೊಪ್ಪಳದ ಸಂತೆಯಿಂದ ರಾಗಿ ಜರಡಿ ತಂದಿದ್ದೇವೆ. ನೋಟ್‌ಬುಕ್ಕಿನಲ್ಲಿ ಮುಂದಿನ ಮೇ ತಿಂಗಳಿಗೆ 60 ಸಾಲು ಗೆರೆ ಹಾಕಿ ಇಟ್ಟಿದ್ದಾರೆ, 30 ಸಾಲದು ಅಂತ. ಮೊನ್ನೆ ಹೋದಾಗ ಕಾಕಾ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಒಳಗೆ ಉಪ್ಪು ಹಾಕಿದ ಮೀನಿನ ಕಿವಿರು, ಅದರ ಮೇಲೆ ಬಿಳಿ ಚುಕ್ಕೆ. ಉಪ್ಪಿನಲ್ಲಿ ಇಟ್ಟಿದ್ದರಿಂದ ಏನೂ ತಿಳಿಯುವ ಹಾಗಿರಲಿಲ್ಲ. ಮುಂದಿನ ಸಲ ನೀರಿನಲ್ಲೇ ತನ್ನಿ ಅಂತ ಹೇಳಿ ಬಂದೆ.